ಉಧ್ನಾದ ರೈಲಿನಲ್ಲಿ ಮುಗಿಸಿದ ಪಾಠ

ಕೊರೊನಾ ಕಳೆದು ಶಾಲೆಗಳು ಪೂರ್ತಿಯಾಗಿ ತೆರೆದ ಮಾರನೆಯ ವರ್ಷ ನಡೆದದ್ದು ಇದು. ನಮ್ಮ ಯಜಮಾನರಿಗೆ ಅಹಮದಾಬಾದಿನ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ನಾನು ಬೋಡಕ್‌ದೇವ್‌ನ ಒಂದು ಖಾಸಗಿ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮಂಡ್ಯ ಬಿಟ್ಟು ಬಂದು ಎಷ್ಟೋ ವರ್ಷವಾದರೂ ತರಗತಿಯಲ್ಲಿ ಒಂದು ಕನ್ನಡದ ಮಗು ಸಿಕ್ಕರೆ ನನಗೆ ಹಬ್ಬವೇ. ಆ ವರ್ಷ ಹನ್ನೆರಡನೇ ತರಗತಿಯಲ್ಲಿ ನಿಹಾರಿಕಾ ಇದ್ದಳು. ಅವಳಪ್ಪ ವಿಮಾ ಕಂಪನಿಯವರು, ದಾವಣಗೆರೆಯಿಂದ ವರ್ಗವಾಗಿ ಬಂದವರು. ಇಲ್ಲೇ ಬೆಳೆದ ಹುಡುಗಿಯಾದ್ದರಿಂದ ಅವಳ ಕನ್ನಡದಲ್ಲಿ ಅರ್ಧ ಹಿಂದಿ, ಅರ್ಧ ಇಂಗ್ಲಿಷು.

ಒಂದು ದಿನ ಸಂತಾನೋತ್ಪತ್ತಿಯ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನಿಂದ ಯಾರೋ ಗಂಡು ಗಂಡನ್ನೇ ಇಷ್ಟಪಡುವವರ ಬಗ್ಗೆ ಕೀಳಾಗಿ ಏನೋ ಅಂದರು, ತರಗತಿಯೆಲ್ಲ ನಕ್ಕಿತು. ನಾನು ಪುಸ್ತಕ ಮುಚ್ಚಿ, "ನಗುವಂಥದ್ದು ಏನಿಲ್ಲ. ಅಂಥವರು ಎಲ್ಲ ಕಡೆ ಇದ್ದಾರೆ. ಅದು ಕಾಯಿಲೆಯಲ್ಲ, ನಮ್ಮ ದೇಶದಲ್ಲಿ ಅಪರಾಧವೂ ಅಲ್ಲ" ಎಂದೆ. ನಿಹಾರಿಕಾ ಕೈ ಎತ್ತಿದಳು. "ಮಿಸ್, ಅವರು ಬದಲಾಗಬೇಕಾ?" ಎಂದು ಕೇಳಿದಳು. ಅಷ್ಟರಲ್ಲಿ ಬೆಲ್ ಹೊಡೆಯಿತು. ಒಳ್ಳೆಯ ಪ್ರಶ್ನೆ, ನಾಳೆ ಮಾತಾಡೋಣ ಎಂದು ಹೇಳಿ ಬಂದೆ.

ಆ ನಾಳೆ ಬರಲಿಲ್ಲ. ಬೆಳಿಗ್ಗೆ ಶಾಲೆಗೆ ಕಾಲಿಡುತ್ತಲೇ ಪ್ರಿನ್ಸಿಪಾಲರು ಕರೆಸಿದರು. ಯಾರದೋ ತಂದೆ ಟ್ರಸ್ಟಿಗಳಿಗೆ ಫೋನ್ ಮಾಡಿದ್ದರಂತೆ. ಪ್ರಿನ್ಸಿಪಾಲರು ಕೆಟ್ಟವರಲ್ಲ. "ಸುಧಾಬೆನ್, ನೀವು ಹೇಳಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಹೊರಗಿನ ಕೆಲವು ದೇಶಗಳಲ್ಲಿ ಕ್ಲಾಸಿನಲ್ಲಿ ಈ ಮಾತು ಎತ್ತಬಾರದು ಅಂತ ಕಾನೂನೇ ಮಾಡಿದ್ದಾರಂತೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ಆದರೆ ಈ ಕಾಂಪೌಂಡಿನ ಒಳಗೆ ಟ್ರಸ್ಟಿಗಳ ಮಾತೇ ಕಾನೂನು. ಪುಸ್ತಕದಲ್ಲಿ ಇರೋದಷ್ಟೇ ಹೇಳಿ" ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು.

ತರಗತಿಗೆ ಹೋದಾಗ ನಿಹಾರಿಕಾ ಕಾಯುತ್ತಿದ್ದಳು. ಆ ವಿಷಯ ಇಲ್ಲಿ ಮಾತಾಡುವ ಹಾಗಿಲ್ಲ ಎಂದೆ. ಅವಳು ತಲೆ ತಗ್ಗಿಸಿ ಪುಸ್ತಕ ತೆರೆದಳು. ಆಮೇಲೆ ಎಷ್ಟೋ ದಿನ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ದೀಪಾವಳಿ ರಜೆ ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳು ಶಾಲೆಗೆ ಬಂದಿರಲಿಲ್ಲ. ಊಟದ ಬಿಡುವಿನಲ್ಲಿ ಅವಳ ಫೋನ್ ಬಂತು.

"ಮಿಸ್, ನಾನು ಉಧ್ನಾ ಸ್ಟೇಷನ್‌ನಲ್ಲಿ ಇದೀನಿ."

ಸೂರತ್ ಪಕ್ಕದ ಉಧ್ನಾ. ಮನೆಯಲ್ಲಿ ಶಾಲೆಗೆ ಎಂದು ಹೊರಟವಳು ಯೂನಿಫಾರ್ಮಿನಲ್ಲೇ ರೈಲು ಹತ್ತಿದ್ದಳು. ಹೇತಲ್ ಎಂಬ ಹುಡುಗಿ ಹಿಂದಿನ ವರ್ಷದವರೆಗೂ ಅವಳ ಪಕ್ಕದಲ್ಲೇ ಕೂರುತ್ತಿದ್ದವಳು. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರುತ್ತಿರಲಿಲ್ಲ. ಹೇತಲ್‌ಳನ್ನು ತಂದೆತಾಯಿ ಇದ್ದಕ್ಕಿದ್ದಂತೆ ಶಾಲೆ ಬಿಡಿಸಿ ಸೂರತ್‌ಗೆ ಕರೆದುಕೊಂಡು ಹೋಗಿದ್ದರು. ಯಾಕೆಂದು ನನಗೆ ಗೊತ್ತಾದದ್ದು ಆ ಫೋನಿನಲ್ಲೇ: ಇಬ್ಬರ ಪ್ರೀತಿ ಹೇತಲ್‌ಳ ಮನೆಯವರಿಗೆ ತಿಳಿದುಹೋಗಿತ್ತಂತೆ.

"ಮಹಿಳೆಯರ ವೇಟಿಂಗ್ ರೂಮಲ್ಲಿ ಕೂತ್ಕೋ, ಎಲ್ಲೂ ಹೋಗ್ಬೇಡ. ನಾನು ಅಮ್ಮನ್ನ ಕರ್ಕೊಂಡು ಬರ್ತೀನಿ. ಅವರಿಗೆ ಏನು ಹೇಳ್ಲಿ ಪುಟ್ಟಾ?" ಎಂದೆ.

"ನೀವೇ ಹೇಳಿ ಮಿಸ್, ಎಲ್ಲಾ ಹೇಳಿ. ನನ್ನ ಹತ್ರ ಕನ್ನಡದಲ್ಲಿ ಅಷ್ಟು ಮಾತಿಲ್ಲ."

ಅವಳ ಅಪ್ಪ ಕೆಲಸದ ಮೇಲೆ ರಾಜಕೋಟ್‌ಗೆ ಹೋಗಿದ್ದರು. ಅಮ್ಮ ಶಾರದಾ ಒಬ್ಬರೇ ಮನೆಯಲ್ಲಿ. ವಸ್ತ್ರಾಪುರದ ಅವರ ಮನೆಗೆ ಹೋಗಿ, ಆಟೋದಲ್ಲಿ ಕೂರಿಸಿಕೊಂಡು ಸ್ಟೇಷನ್ನಿಗೆ ಓಡಿದೆ. ಉಧ್ನಾದಲ್ಲಿ ನಿಲ್ಲುವ ರೈಲು ಸಿಕ್ಕಿತು. ವಡೋದರಾ ಬರುವವರೆಗೂ ಅವರು ಸೆರಗು ಹಿಂಡುತ್ತಾ ಅಳುತ್ತಿದ್ದರು. ಮಗಳು ಯಾವನೋ ಹುಡುಗನ ಹಿಂದೆ ಹೋಗಿದ್ದಾಳೆ ಎಂದು ಅವರು ಅಂದುಕೊಂಡಿದ್ದರು. ಹೇತಲ್ ವಿಷಯವನ್ನು ನಾನು ನಿಧಾನವಾಗಿ ಹೇಳಿದೆ.

ಅವರು ನನ್ನನ್ನೇ ನೋಡಿದರು. "ಮೇಡಂ, ಇದು ವಾಸಿ ಆಗುತ್ತಾ?"

"ವಾಸಿ ಆಗೋಕೆ ಇದು ಕಾಯಿಲೆ ಅಲ್ಲ ರೀ. ನೀವು ಸಾಕಿದ ರೀತಿಯಿಂದ ಆಗಿದ್ದೂ ಅಲ್ಲ. ಅವಳ ಮನಸ್ಸು ಇರೋದೇ ಹಾಗೆ. ಅವಳು ಬದಲಾಗಬೇಕಿಲ್ಲ."

ಮಗಳಿಗೆ ತರಗತಿಯಲ್ಲಿ ಕೊಡಲಾಗದ ಉತ್ತರವನ್ನು ತಾಯಿಗೆ ರೈಲಿನಲ್ಲಿ ಕೊಟ್ಟಿದ್ದೆ. ಅವರು ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಇಂಗ್ಲಿಷಿನಲ್ಲಿ ಸಲೀಸಾಗಿ ಬರುವ ಮಾತುಗಳಿಗೆ ಕನ್ನಡದಲ್ಲಿ ತಡವರಿಸಿದೆ. ಮದುವೆ, ನೆಂಟರು, ದಾವಣಗೆರೆಯಲ್ಲಿರುವ ಅತ್ತೆ, ಎಲ್ಲದರ ಬಗ್ಗೆಯೂ ಅವರು ಕೇಳಿದರು. ಭರೂಚ್ ದಾಟಿ ನರ್ಮದೆಯ ಸೇತುವೆಯ ಮೇಲೆ ರೈಲು ಹೋಗುವಾಗ ಅವರು ಕಿಟಕಿಯಾಚೆ ನೋಡುತ್ತಾ, "ಒಂದು ವರ್ಷದಿಂದ ಸರಿಯಾಗಿ ಉಣ್ತಿಲ್ಲ ಮೇಡಂ ಅವಳು. ಪರೀಕ್ಷೆ ಭಯ ಅಂದ್ಕಂಡಿದ್ದೆ" ಎಂದರು.

ಉಧ್ನಾದಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ವೇಟಿಂಗ್ ರೂಮಿನ ಮೂಲೆಯಲ್ಲಿ ಬ್ಯಾಗು ತಬ್ಬಿಕೊಂಡು ಕೂತಿದ್ದ ಹುಡುಗಿ ಅಮ್ಮನನ್ನು ಕಂಡು ಎದ್ದು ನಿಂತಳು. ತಾಯಿ ಹೊಡೆದುಬಿಡುತ್ತಾರೇನೋ ಎಂದು ನನಗೆ ಭಯವಾಯಿತು. ಶಾರದಾ ಅವಳನ್ನು ಕೂರಿಸಿ, ತಾವೂ ಪಕ್ಕದಲ್ಲಿ ಕೂತು, ಮುಖದ ಮೇಲಿನ ಕೂದಲು ಹಿಂದೆ ಸರಿಸಿದರು.

"ನೋಡಿದೇನವ್ವ ಅವಳನ್ನ?"

ನಿಹಾರಿಕಾ ತಲೆಯಾಡಿಸಿದಳು. "ಬಾಲ್ಕನಿಯಲ್ಲಿ ಇದ್ಲು. ಅವಳ ಮಮ್ಮಿ ನನ್ನ ಒಳಗೆ ಬಿಡ್ಲಿಲ್ಲ. ಅವಳು ಮೇಲಿಂದ ಏನೋ ಹೇಳಿದ್ಲು ಅಮ್ಮಾ. ಪಕ್ಕದಲ್ಲಿ ಮಗ್ಗದ ಕಾರ್ಖಾನೆ. ಸದ್ದಲ್ಲಿ ಕೇಳಿಸ್ಲಿಲ್ಲ."

ಅಲ್ಲಿಯವರೆಗೆ ತಡೆದುಕೊಂಡಿದ್ದ ಹುಡುಗಿ ಆಗ ಅತ್ತಳು. "ನಂಗಿನ್ನೂ ಪೂರ್ತಿ ತಿಳ್ದಿಲ್ಲ. ಮನೀಗೆ ನಡಿ, ಕೂತು ಹೇಳುವಂತೆ. ಮೊದ್ಲು ಏನಾದ್ರೂ ತಿನ್ನು" ಎಂದು ತಾಯಿ ಬೆನ್ನು ಸವರಿದರು.

ಎಲ್ಲವೂ ಸರಿಹೋಯಿತು ಎಂದು ಬರೆಯಲಾರೆ. ಅವಳಪ್ಪ ತಿಂಗಳುಗಟ್ಟಲೆ ಮಗಳ ಜೊತೆ ಮಾತು ಬಿಟ್ಟಿದ್ದರು, ನನ್ನ ಜೊತೆ ಈಗಲೂ ಮಾತಾಡುವುದಿಲ್ಲ. ನಿಹಾರಿಕಾ ಈಗ ವಡೋದರಾದಲ್ಲಿ ಓದುತ್ತಿದ್ದಾಳೆ. ಯುಗಾದಿಗೆ ಫೋನ್ ಮಾಡುತ್ತಾಳೆ. ಹೇತಲ್‌ಳ ನಂಬರು ಬದಲಾಗಿದೆ. ಅವಳು ಆ ದಿನ ಏನು ಹೇಳಿದಳೋ ಇವಳಿಗೆ ಇಂದಿಗೂ ಗೊತ್ತಿಲ್ಲ. "ನನ್ನ ಹೆಸರು ಕರೆದಿರಬಹುದು ಅಲ್ವಾ ಮಿಸ್?" ಎಂದು ಹೋದ ಸಲ ಕೇಳಿದಳು. ಇರಬಹುದು ಎಂದೆ.

ನಾನು ಅದೇ ಶಾಲೆಯಲ್ಲಿದ್ದೇನೆ. ಪ್ರತಿ ವರ್ಷ ಆ ಪಾಠ ಬಂದಾಗ ಯಾವುದಾದರೂ ಒಂದು ಮಗು ಎಲ್ಲರ ಜೊತೆ ನಗದೆ ಸುಮ್ಮನೆ ಕೂತಿರುತ್ತದೆ. ಆ ಮಗುವಿನ ಮುಖ ನೋಡಿಕೊಂಡು, ಬಾಗಿಲು ತೆರೆದಿಟ್ಟು, ಇಡೀ ತರಗತಿಗೆ ಕೇಳುವ ಹಾಗೆ ಎರಡು ಮಾತು ಹೇಳಬೇಕೆಂದು ಆಸೆಯಾಗುತ್ತದೆ. ನಿವೃತ್ತಿಗೆ ಇನ್ನೂ ಕೆಲವು ವರ್ಷ ಇದೆ. ಅಷ್ಟರೊಳಗೆ ಒಂದು ದಿನವಾದರೂ ಹೇಳುತ್ತೇನೆ ಎಂದುಕೊಂಡೇ ಪುಟ ತಿರುವುತ್ತೇನೆ.