ಮುಟ್ಟಬಾರದ ಮೂರು ವಾರ

ತೊಂಬತ್ತರ ದಶಕದ ಕೊನೆಗೆ ಪುಣೆಯಲ್ಲಿ ನನಗೆ ಥೈರಾಯ್ಡ್ ಕ್ಯಾನ್ಸರ್ ಎಂದರು. ಆಪರೇಷನ್ ಮುಗಿದ ಮೇಲೆ ವಿಕಿರಣ ಸೂಸುವ ಅಯೋಡಿನ್ ಗುಳಿಗೆ ನುಂಗಿಸಿ, ಆಸ್ಪತ್ರೆಯ ದಪ್ಪ ಗೋಡೆಯ ಕೋಣೆಯಲ್ಲಿ ಒಬ್ಬಳನ್ನೇ ಇಟ್ಟರು. ನಾನು ಮುಟ್ಟಿದ್ದೆಲ್ಲ ಅಪಾಯದ ಕಸ. ಮೂತ್ರ ಕೂಡ ನೇರ ಗಟಾರಕ್ಕೆ ಹೋಗುವಂತಿರಲಿಲ್ಲ, ನೆಲದಡಿಯ ಟಾಂಕಿಯಲ್ಲಿ ತಂಗಬೇಕು. ಅದನ್ನು ಏನು ಮಾಡುತ್ತೀರಿ ಎಂದು ಡಾಕ್ಟರರನ್ನು ಮರಾಠಿಯಲ್ಲಿ ಕೇಳಿದೆ. ಏನೂ ಇಲ್ಲ, ಕಾಯುತ್ತೇವೆ, ವಿಕಿರಣ ತಾನೇ ಇಳಿಯುತ್ತದೆ, ಅಳೆದು ನೋಡಿ ಬಿಡುತ್ತೇವೆ ಎಂದರು. ಮನೆಗೆ ಕಳಿಸುವಾಗ, ಮೂರು ವಾರ ಮಗುವನ್ನು ಎತ್ತಿಕೊಳ್ಳಬೇಡಿ ಎಂದರು. ಎರಡು ವರ್ಷದ ನನ್ನ ಮಗಳು ನನ್ನ ಸೆರಗು ಹಿಡಿಯದೆ ಮಲಗುತ್ತಿರಲಿಲ್ಲ.

ವಿಜಾಪುರ ಕಡೆಯ ನಮ್ಮತ್ತೆಗೆ ವಿಕಿರಣ ಗೊತ್ತಿರಲಿಲ್ಲ, ಹೊರಗೆ ಕೂರಿಸುವುದು ಚೆನ್ನಾಗಿ ಗೊತ್ತಿತ್ತು. ತಿಂಗಳಿಗೊಮ್ಮೆ ದೂರ ಕೂರುವ ಹೆಂಗಸರ ಕಟ್ಟಳೆಯನ್ನೇ ನನಗೆ ಹಚ್ಚಿದರು. ಮನೆಯ ಹಿಂದಿನ ತೆರೆದ ಗ್ಯಾಲರಿಯಲ್ಲಿ ಬೇರೆ ತಾಟು, ಬೇರೆ ಚಾಪೆ. ಅಣುಸ್ಥಾವರದಲ್ಲೂ ಇಷ್ಟು ಬಿಗಿ ಇರಲಿಕ್ಕಿಲ್ಲ! ಮಗಳು ಹೊಸ್ತಿಲಿಗೆ ಓಡಿ ಬಂದರೆ, "ಅವ್ವಗ ಉರಿ ಅದ, ಮುಟ್ಟಬ್ಯಾಡ" ಎಂದು ಎಳೆದೊಯ್ಯುತ್ತಿದ್ದರು.

ಮೂರು ವಾರ ಮುಗಿದವು.

"ಅತ್ತೀ, ಡಾಕ್ಟರ್ ಹೇಳಿದ ದಿನ ಮುಗದಾವ್ರಿ. ಕೂಸಿನ್ನ ಕೊಡ್ರಿ."

"ಕಣ್ಣಿಗೆ ಕಾಣದ್ದು ಹೋಗ್ಯದ ಅಂತ ಹೆಂಗ ನಂಬೂದವಾ? ಜೇಜುರಿ ದೇವರ ಗುಡಿಗೆ ಹೋಗಿ ಅರಿಷಿಣದ ಭಂಡಾರ ಹಚ್ಚಿಕೊಂಡು ಬರೂಣು. ಆಮ್ಯಾಲ ಎತ್ತಿಕೊಳ್ಳವಂತಿ."

ನನಗೂ ಒಳಗೊಳಗೇ ಹೆದರಿಕೆ, ಆಗಲಿ ಎಂದೆ. ಆದರೆ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿಯ ಭರಾಟೆ, ಅಲ್ಲಿ ವ್ಯಾಪಾರ ಮಾಡುವ ಗಂಡನಿಗೆ ಪುರುಸೊತ್ತಿಲ್ಲ. ಜೇಜುರಿ ಇಂದು ನಾಳೆ ಎಂದು ಮುಂದೆ ಹೋಯಿತು. ಮಗಳು ಅಜ್ಜಿಯ ಮಗ್ಗುಲಲ್ಲಿ ಮಲಗುವುದು ಕಲಿತಳು.

ತಿಂಗಳುಗಳ ಮೇಲೆ ತಪಾಸಣೆಗೆ ಹೋದಾಗ, ಆ ಟಾಂಕಿ ಏನಾಯಿತು ಎಂದು ಸುಮ್ಮನೆ ಕೇಳಿದೆ. ಯಾವಾಗಲೋ ಗಟಾರಕ್ಕೆ ಬಿಟ್ಟೆವು, ಅದರಲ್ಲಿ ಏನೂ ಉಳಿದಿರಲಿಲ್ಲ ಎಂದರು. ನನಗೆ ಅಳು ತಡೆಯಲಾಗಲಿಲ್ಲ. ನನ್ನ ಮೂತ್ರಕ್ಕೂ ಬಿಡುಗಡೆ ಸಿಕ್ಕಿತ್ತು, ನಾನು ಇನ್ನೂ ಗ್ಯಾಲರಿಯಲ್ಲಿ ಉಣ್ಣುತ್ತಿದ್ದೆ. ಮೂರು ವಾರ ಮುಗಿದ ದಿನವೇ ಜಗಳಾಡಿಯಾದರೂ ಮಗಳನ್ನು ಎತ್ತಿಕೊಳ್ಳಬೇಕಿತ್ತು.

ಕಡೆಗೂ ಜೇಜುರಿಗೆ ಹೋದೆವು. ಅತ್ತೆ ನನ್ನ ಹಣೆಗೆ, ಕೆನ್ನೆಗೆ ಕೈತುಂಬ ಭಂಡಾರ ಬಳಿದು, ಮಗಳನ್ನು ತಾವೇ ಮುಂದೆ ದೂಡಿದರು. "ಹೋಗವಾ, ಈಗ ಏನೂ ಇಲ್ಲ."

ನಾನು ಮೆಟ್ಟಿಲ ಮೇಲೆ ಕೂತು ಎರಡೂ ಕೈ ಚಾಚಿದೆ. ಮಗಳು ಅಜ್ಜಿಯ ಸೆರಗು ಹಿಡಿದು ಹಿಂದೆ ಸರಿದಳು.

"ಅವ್ವಗ ಉರಿ ಅದ," ಎಂದಳು.