ಗಾಳಿಗೆ ಮಾಡಿಕೊಟ್ಟ ದಾರಿ

ಅಕ್ಕನ ಮೊದಲ ಹೆರಿಗೆ ಹೊಳೆನರಸೀಪುರದ ನಮ್ಮ ಮನೆಯಲ್ಲಿಯೇ ಆಗಿತ್ತು, ಮಗು ಉಳಿಯಲಿಲ್ಲ. ಎರಡನೆಯ ಸಲ ಅವಳು ತವರಿಗೆ ಬಂದಾಗ ಊರಿನ ನರ್ಸಮ್ಮನವರು, ನೋವು ಕಾಣಿಸಿಕೊಂಡ ಕೂಡಲೇ ಹಾಸನದ ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕು, ದಾರಿಯಲ್ಲಿ ತಡವಾಗಕೂಡದು ಎಂದು ಖಂಡಿತವಾಗಿ ಹೇಳಿದ್ದರು. ಬಸ್ಸನ್ನು ನೆಚ್ಚುವಂತಿರಲಿಲ್ಲ. ಅಕ್ಕನ ಗಂಡ, ಬಾಗೂರಿನ ಭಾವನವರ ಬಳಿ ಬಾಡಿಗೆಗೆ ಓಡಿಸುವ ಒಂದು ಹಳೆಯ ವಿಲಾಯಿತಿ ಕಾರು ಇತ್ತು, ಅದನ್ನೂ ನೆಚ್ಚುವಂತಿರಲಿಲ್ಲ. ಚನ್ನರಾಯಪಟ್ಟಣದ ಕಡೆ ಸಲೀಸಾಗಿ ಓಡುತ್ತಿದ್ದ ಆ ಕಾರು, ಹಾಸನದ ದಾರಿಯಲ್ಲಿ ಮೊಸಳೆ ಎಂಬ ಊರಿನ ಬಳಿಯ ಏರು ಬಂದರೆ ಕುದಿದು ನಿಂತುಬಿಡುತ್ತಿತ್ತು.

ನಾನು ಆಗತಾನೇ ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸದ ನಿರೀಕ್ಷೆಯಲ್ಲಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲವಾದ್ದರಿಂದ, ನನ್ನ ಓದು ಯಾವುದಾದರೊಂದು ಉಪಯೋಗಕ್ಕೆ ಬರುವುದನ್ನು ಎಲ್ಲರೂ ಕಾಯುತ್ತಿದ್ದರು. ಕಾರಿನ ಮೂತಿಯನ್ನು ಬಿಚ್ಚಿಸಿ ನೋಡಿದಾಗ ದೋಷ ನನಗೆ ತಿಳಿಯಿತೆನ್ನಿಸಿತು. ಮುಂದಿನ ಜಾಲರಿಯಿಂದ ಒಳಬಂದ ಗಾಳಿಯಲ್ಲಿ ಬಹುಪಾಲು ರೇಡಿಯೇಟರಿನ ಮೂಲಕ ಹಾಯದೆ ಅಕ್ಕಪಕ್ಕದ ಸಂದುಗಳಲ್ಲಿ ನುಸುಳಿಹೋಗುತ್ತಿತ್ತು. ಹಾಗೆ ನುಸುಳಿದ್ದು ಕಾರಿನ ಅಡಿಗೆ ಸಿಕ್ಕಿಕೊಂಡು ಓಟವನ್ನೇ ತಡೆಯುತ್ತಿತ್ತು. ಸಂದುಗಳನ್ನು ತಗಡಿನಿಂದ ಮುಚ್ಚಿ, ಬಂಪರಿನ ಕೆಳಗೆ ಅಗಲವಾದ ಒಂದು ಬಾಯಿ ತೆರೆದು, ಅಲ್ಲಿಂದ ರೇಡಿಯೇಟರಿಗೆ ನೇರವಾಗಿ ಗಾಳಿ ಹೋಗುವಂತೆ ಕೊಳವೆ ಮಾಡಿಸಿದರೆ ಎರಡು ತೊಂದರೆಯೂ ನೀಗುವುದೆಂದು ಭಾವನವರಿಗೆ ಚಿತ್ರ ಬರೆದು ತೋರಿಸಿದೆ.

ತಗಡಿನ ಕೆಲಸದವನು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದ್ಯಾಕ್ ಸಾ, ಕಾರ್ಗೆ ಅಂದಿ ಮೂತಿ ಮಾಡುಸ್ತಾ ಇದೀರಾ?"

"ಮೂತಿ ಎಂಗಾರ ಇರ್ಲಿ, ಉಸ್ರಾಡುದ್ರೆ ಸಾಕು ಕಣ್ಲಾ," ಎಂದರು ಭಾವ.

ಅರಕಲಗೂಡಿನವರೆಗೆ ಹೋಗಿಬಂದೆವು, ಕುದಿಯಲಿಲ್ಲ. ಮಾರನೆಯ ದಿನ ಮೊಸಳೆಯ ಏರನ್ನೂ ಒಂದೇ ಉಸಿರಿಗೆ ಹತ್ತಿತು. ಓಟವೂ ಹಗುರಾಗಿತ್ತು. ಭಾವ ಬಾನೆಟ್ಟು ಎತ್ತಿ, ಕೈಯಿಟ್ಟು ನೋಡಿ, "ಲೇ ಬಾಮೈದ, ನಿನ್ ಬಿಎಸ್ಸಿ ದಂಡ ಆಗ್ನಿಲ್ಲ ಬುಡು!" ಎಂದು ನನ್ನ ಬೆನ್ನಿಗೆ ಗುದ್ದಿದರು. ಆ ತಿಂಗಳಿನಲ್ಲಿ ನಮ್ಮ ಮನೆಯವರು ನಕ್ಕದ್ದು ಅದೊಂದೇ ದಿನವಿರಬೇಕು.

ಅಂದು ಊಟಕ್ಕೆ ಬಡಿಸುತ್ತ ಅಮ್ಮ, ಕಾರಿಗೆ ಏನು ಮಾಡಿಸಿದಿರೆಂದು ಕೇಳಿದಳು. ಅವಳಿಗೆ ಅರ್ಥವಾಗುವಂತೆ ಹೇಳಬೇಕೆಂಬ ಉತ್ಸಾಹದಲ್ಲಿ ನಾನು, "ಗಾಳಿಗೆ ದಾರಿ ಮಾಡಿಕೊಟ್ಟಿದ್ದೀವಮ್ಮ. ಇನ್ನು ಓಡ್ತಾ ಇದ್ದ ಹಾಗೇ ಗಾಳಿ ಸೀದಾ ಒಳಗೆ ನುಗ್ಗಿ ಬಡಿಯುತ್ತೆ," ಎಂದೆ.

ಅವಳ ಕೈಯಲ್ಲಿದ್ದ ಸೌಟು ನಿಂತಿತು. "ಬಸ್ರಿ ಕೂರೋ ಗಾಡಿಗೆ ಗಾಳೀನ ನೀವೇ ಕರುದ್ರೇನಪ್ಪಾ?"

ನಮ್ಮ ಕಡೆ ಬೀಸುವುದೂ ಗಾಳಿಯೇ, ಮೈಮೇಲೆ ಬರುವುದೂ ಗಾಳಿಯೇ. ಅಕ್ಕ ಚೊಚ್ಚಲ ಬಸುರಿಯಾಗಿದ್ದಾಗ ಮಟಮಟ ಮಧ್ಯಾಹ್ನ ಹೊಳೆಯ ದಂಡೆಗೆ ಹೋಗಿದ್ದಳು, ಅಲ್ಲಿ ಅವಳಿಗೆ ಗಾಳಿ ಬಡಿಯಿತು, ಮಗು ಹೋದದ್ದು ಅದರಿಂದಲೇ ಎಂಬುದು ಅಮ್ಮನ ದೃಢವಾದ ನಂಬಿಕೆ.

"ಇದು ಆ ಗಾಳಿ ಅಲ್ಲಮ್ಮ."

"ಗಾಳೀಲಿ ಬ್ಯಾರೆ ಇನ್ಯಾವ್ದಪ್ಪಾ ಐತೆ?" ಎಂದು ಅವಳು ಅನ್ನ ಬಡಿಸಿದಳು.

ಅಕ್ಕನಿಗೆ ನೋವು ಬಂದದ್ದು ಬಿರುಬಿಸಿಲಿನ ಒಂದು ಮಧ್ಯಾಹ್ನ. ಭಾವ ಕಾರನ್ನು ಬಾಗಿಲಿಗೆ ತಂದು ನಿಲ್ಲಿಸಿ, ಅವಳನ್ನು ಎತ್ತಿಕೊಂಡು ಬರಲು ಒಳಗೆ ಓಡಿದರು. ನಾನು ಹಾಸಿಗೆ ಸುತ್ತುತ್ತಿದ್ದೆ. ನಾವು ಹೊರಬರುವಷ್ಟರಲ್ಲಿ ಅಮ್ಮ ಹಿಂದಿನ ಸೀಟಿನಲ್ಲಿ ಕುಳಿತು, ಮಗಳ ತಲೆಗೆ ತೊಡೆಯನ್ನು ಸಿದ್ಧಮಾಡಿಕೊಂಡಿದ್ದಳು.

ಮೊಸಳೆಯ ಏರಿನ ಅರ್ಧದಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ಕಾರು ಹಿಂದೆಂದೂ ಹಾಗೆ ಕುದಿದಿರಲಿಲ್ಲ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಬಿರಿಯುತ್ತದೆ; ಆರುವವರೆಗೆ ಕಾಯಲೇಬೇಕು. ಅಕ್ಕನನ್ನು ಹೊಂಗೆಮರದ ನೆರಳಿನಲ್ಲಿ ಮಲಗಿಸಿದೆವು. ಆ ಹೊತ್ತಿನಲ್ಲಿ ಒಂದು ಎತ್ತಿನ ಗಾಡಿಯೂ ಬರಲಿಲ್ಲ. ಅವಳು ಮೊದಮೊದಲು ಕೂಗುತ್ತಿದ್ದಳು. ಆಮೇಲೆ ಅಮ್ಮನ ಸೆರಗನ್ನು ಕಚ್ಚಿಕೊಂಡು ಸುಮ್ಮನಾದಳು.

ಕೊಳವೆ ಕಳಚಿತೋ ಏನೋ ಎಂದು ನೆಲಕ್ಕೆ ಬಗ್ಗಿ, ಬಂಪರಿನ ಕೆಳಗೆ ಕೈ ಹಾಕಿದೆ. ಬಟ್ಟೆ ಸಿಕ್ಕಿತು. ಅರಿಶಿನದಲ್ಲಿ ಅದ್ದಿದ ಬಟ್ಟೆಯೊಳಗೆ ಒಂದು ತಬ್ಬು ಬೇವಿನ ಸೊಪ್ಪು. ಬಾಯಿಯ ಉದ್ದಗಲಕ್ಕೂ ಒಂದಿಷ್ಟೂ ಸಂದಿಲ್ಲದಂತೆ ಅದನ್ನು ಗಿಡಿಯಲಾಗಿತ್ತು. ಪಕ್ಕದ ಸಂದುಗಳನ್ನೆಲ್ಲ ನಾವು ಮುಚ್ಚಿಸಿಬಿಟ್ಟಿದ್ದೆವು. ಸೊಪ್ಪು ಬೆಂದು ಕಪ್ಪಾಗಿತ್ತು.

ಭಾವ ಅದನ್ನು ನೋಡಿದರು. ಮರದ ಕೆಳಗೆ ಬೆನ್ನು ಮಾಡಿ ಕುಳಿತಿದ್ದ ಅಮ್ಮನನ್ನೂ ನೋಡಿದರು.

"ಸೀಟ್ ಕೆಳಕ್ ತಳ್ಳು. ಅತ್ತೇಗ್ ಏಳ್ಬ್ಯಾಡ. ತಡ್ಕಳಕಿಲ್ಲ ಅವ್ರು."

ಆಸ್ಪತ್ರೆಯಲ್ಲಿ ನರ್ಸು, "ಇಷ್ಟೊತ್ತು ಎಲ್ಲಿದ್ರಿ?" ಎಂದು ಗದರಿದರು. ಭಾವ, "ದಾರೀಲಿ," ಎಂದಷ್ಟೇ ಹೇಳಿದರು. ಅಕ್ಕ ಬದುಕಿಕೊಂಡಳು. ಗಂಡುಮಗು; ಹೊಟ್ಟೆಯಲ್ಲಿಯೇ ಉಸಿರು ನಿಂತಿತ್ತು.

ಅಮ್ಮ ವರಾಂಡದ ಗೋಡೆಗೆ ಒರಗಿ ಬಹಳ ಹೊತ್ತು ಅತ್ತಳು. ಬಳಿಕ ಮುಖ ಒರೆಸಿಕೊಂಡು ಭಾವನವರಿಗೆ ಹೇಳಿದಳು: "ಅದು ಮಗೀನ್ ಮೇಲೆ ತೀರುಸ್ಕತ್ತು. ನಾನು ಸೊಪ್ಪು ಕಟ್ಟಿರ್ನಿಲ್ಲ ಅಂದ್ರೆ ನಮ್ ಉಡ್ಗೀನೂ ಉಳೀತಿರ್ನಿಲ್ಲ ಕಣ್ರಪ್ಪಾ."

ಭಾವ ತಲೆಯಾಡಿಸಿದರು. ಅನಂತರ ಹೊರಗೆ ಹೋಗಿ, ಆ ಬೆಂದ ಗಂಟನ್ನು ಸೀಟಿನ ಕೆಳಗಿನಿಂದ ತೆಗೆದು, ಇದ್ದ ಜಾಗದಲ್ಲಿ ಮತ್ತೆ ಸಿಕ್ಕಿಸಿದರು. ಅತ್ತೆ ಕೇಳಿದರೆ ತೋರಿಸಬೇಕಲ್ಲ ಎಂದರು.

ಕೆಲವು ವಾರಗಳ ಮೇಲೆ ಅಕ್ಕನನ್ನು ಮತ್ತೊಮ್ಮೆ ತೋರಿಸಿಕೊಂಡು ಬರಲು ಹಾಸನಕ್ಕೆ ಹೋಗಬೇಕಾಯಿತು. ಅಮ್ಮ ಮನೆಯಲ್ಲಿಯೇ ಉಳಿದಳು. ಆದರೆ ಹೊರಡುವ ಮುಂಚೆ ಹೊಸ ಗಂಟು ಕಟ್ಟಿ, ಮಂಡಿಯೂರಿ ಕುಳಿತು, ಆ ಬಾಯಿಗೆ ತಾನೇ ತುರುಕಿದಳು. ಬೀದಿಯ ತಿರುವು ದಾಟಿದೊಡನೆ ಭಾವ ಕಾರು ನಿಲ್ಲಿಸಿ, ಅದನ್ನು ಕಿತ್ತು ನನ್ನ ಕೈಗೆ ಕೊಟ್ಟರು. ಅಕ್ಕ ಎಲ್ಲವನ್ನೂ ನೋಡಿದಳು. ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು. ಹೋಗುವಾಗಲೂ ಬರುವಾಗಲೂ ಒದ್ದೆ ಬಟ್ಟೆಯ ಆ ಗಂಟು ನನ್ನ ತೊಡೆಯ ಮೇಲೆ ತಣ್ಣಗಿತ್ತು. ಕಾರು ಕುದಿಯಲಿಲ್ಲ. ಹಿಂತಿರುಗುವಾಗ ಅದೇ ತಿರುವಿನಲ್ಲಿ ನಿಲ್ಲಿಸಿ, ಅದನ್ನು ಮತ್ತೆ ಮೊದಲಿನಂತೆಯೇ ತುರುಕಿದೆವು.

ಅಮ್ಮ ಬಾಗಿಲಿನಲ್ಲಿ ಕಾದಿದ್ದಳು. ಮಗಳನ್ನು ಮಾತನಾಡಿಸುವುದಕ್ಕೂ ಮುಂಚೆ ಕಾರಿನ ಮುಂದೆ ಕುಳಿತು, ಗಂಟನ್ನು ಹೊರಗೆಳೆದು ಬಿಚ್ಚಿದಳು. ಸೊಪ್ಪು ಹಸಿರಾಗಿಯೇ ಇತ್ತು.

"ನೋಡ್ದಾ ಮಗ," ಎಂದು ಒಂದು ಎಲೆಯನ್ನು ನನ್ನತ್ತ ಹಿಡಿದಳು. "ಒಂಚೂರೂ ಬಾಡಿಲ್ಲ. ಗಾಳಿ ತಟ್ಟೇ ಇಲ್ಲ ಕಣಪ್ಪ."