ದೇವರ ಮುಂದಿಟ್ಟ ಔಷಧಿ

ಬೆಳಿಗ್ಗೆ ಫ್ರಿಜ್ ಬಾಗಿಲು ತೆಗೆದರೆ ಔಷಧಿ ಸೀಸೆ ಇಲ್ಲ. ಅಮ್ಮನ ಕ್ಯಾನ್ಸರಿಗೆ ಅವತ್ತು ಡ್ರಿಪ್ಪಿನಲ್ಲಿ ಹಾಕಬೇಕಾಗಿದ್ದ ಸೀಸೆ ಅದು. ಹಿಂದಿನ ದಿನ ಬೆಂಗಳೂರಿಂದ ಐಸ್ ಡಬ್ಬಿಯಲ್ಲಿ ತಂದಿದ್ದೆ. ದೊಡ್ಡಬಳ್ಳಾಪುರ ಬರೋವರೆಗೂ ಬಸ್ಸಿನಲ್ಲಿ ಡಬ್ಬಿಯನ್ನ ತೊಡೆಯಿಂದ ಇಳಿಸಿರಲಿಲ್ಲ.

ನಮ್ಮೂರ ಆಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಮಾಮೂಲಿ ಔಷಧಿಯನ್ನ ಅಮ್ಮನ ಹೃದಯ ತಡೆಯಲ್ಲ. ಇದರಲ್ಲಿ ಔಷಧಿಯನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಪೊರೆಗಳೊಳಗೆ ತುಂಬಿರ್ತಾರೆ. ಅದು ರಕ್ತದಲ್ಲಿ ಹಾಗೇ ಸಾಗಿ, ಗಡ್ಡೆ ಹತ್ತಿರ ಹೋಗಿ ಬಿಚ್ಚಿಕೊಳ್ಳುತ್ತೆ. ಹೆಪ್ಪುಗಟ್ಟಿದರೂ ಕೆಟ್ಟಿತು, ಬೆಚ್ಚಗಾದರೂ ಕೆಟ್ಟಿತು. ನನಗೆ ಅದು ಕಡುಬಿನ ಲೆಕ್ಕದಲ್ಲಿ ಅರ್ಥವಾಯ್ತು. ಮೇಲಿನ ಹಿಟ್ಟು ಬಿರಿದರೆ ಹೂರಣವೆಲ್ಲ ನೀರುಪಾಲು.

ಸೀಸೆ ದೇವರ ಗೂಡಿನಲ್ಲಿತ್ತು. ಮೈಗೆ ಕುಂಕುಮ, ಪಕ್ಕದಲ್ಲೇ ಉರಿಯೋ ದೀಪ. ಮುಟ್ಟಿದರೆ ಬೆಚ್ಚಗಿತ್ತು.

ನೇಯೋರ ಮನೆ ನಮ್ಮದು. ಮಗ್ಗಕ್ಕೆ ಹೊಸ ಹಾಸಿನ ನೂಲು ಏರಿಸಿದಾಗ ಇಳಿಯೋ ಮೊದಲ ಸೀರೆಯ ತುದಿಗೆ ಕುಂಕುಮ ಇಟ್ಟು, ದೇವರಿಗೆ ತೋರಿಸಿಯೇ ಅಂಗಡಿಗೆ ಕಳಿಸೋದು. ಅಮ್ಮ ಔಷಧಿಗೂ ಅದನ್ನೇ ಮಾಡಿದ್ದಳು.

"ಏನ್ ಮಾಡ್ಬಿಟ್ಟೆ ಅಮ್ಮ? ಹೊರಗೆ ತೆಗೀಬೇಡ ಅಂತ ಬಾಯಿ ಬಡ್ಕೊಂಡೆನಲ್ಲ" ಅಂತ ರೇಗಿದೆ.

"ಮೈಗೆ ಹೋಗೋದಲ್ವೇನೇ? ದೇವರಿಗೆ ತೋರಿಸ್ದೆ ಹೆಂಗೆ?"

ಹೊರಗಿಟ್ಟು ಎಷ್ಟು ಹೊತ್ತಾಯ್ತು ಅಂತ ಕೇಳಿದರೆ ಅವಳಿಗೂ ಗೊತ್ತಿಲ್ಲ. ಕುಂಕುಮ ಒರೆಸಿ, ಬಾಯಿ ಮುಚ್ಚಿಕೊಂಡು ಮತ್ತೆ ಫ್ರಿಜ್ಜಿಗಿಟ್ಟುಬಿಡಲಾ ಅನ್ನಿಸಿತು. ಒಡೆದ ಪೊರೆಯಿಂದ ಔಷಧಿಯೆಲ್ಲ ಹೊರಬಂದು ಹೃದಯಕ್ಕೇ ಹೊಡೆದರೆ?

ಆಸ್ಪತ್ರೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಡಾಕ್ಟರಮ್ಮ ಸೀಸೆಯನ್ನ ಬೆಳಕಿಗೆ ಹಿಡಿದು ನೋಡಿದರು. "ಕೆಟ್ಟಿದೆಯೋ ಇಲ್ವೋ ನೋಡಿದ್ರೆ ಗೊತ್ತಾಗಲ್ಲಮ್ಮ. ಅದಕ್ಕೇ ಇದನ್ನ ಹಾಕಲ್ಲ" ಅಂದರು. ಪುಣ್ಯಕ್ಕೆ ಮುಂದಿನ ವಾರ ಬರೋ ಬೇರೊಬ್ಬ ರೋಗಿಗೆ ಅಂತ ತರಿಸಿಟ್ಟಿದ್ದ ಅದೇ ಔಷಧಿ ಅವರ ಫ್ರಿಜ್ಜಿನಲ್ಲಿ ಇನ್ನೊಂದಿತ್ತು.

ನನಗೆ ಹೋದ ಜೀವ ಬಂದಂಗಾಯ್ತು. ಅಮ್ಮನ ಮುಖ ಮಾತ್ರ ಬಿಳುಚಿಕೊಂಡಿತು. ನರ್ಸ್ ಸೂಜಿ ತಂದರೆ ಕೈಯನ್ನ ಸೆರಗಿನೊಳಗೆ ಎಳೆದುಕೊಂಡಳು.

"ಇದಕ್ಕೆ ಪೂಜೆ ಆಗಿಲ್ಲ ಕಣೇ. ನಂಗೆ ಭಯ ಆಗ್ತದೆ."

ಅಮ್ಮನ ಬಾಯಲ್ಲಿ ಆ ಮಾತು ನಾನು ಕೇಳಿದ್ದೇ ಇಲ್ಲ. ಗಡ್ಡೆ ಅಂದಾಗಲೂ ಅವಳು ಹೆದರಿರಲಿಲ್ಲ. "ಏನೂ ಆಗಲ್ಲಮ್ಮ, ನಾನಿದ್ದೀನಲ್ಲ" ಅಂದೆ.

ಅಮ್ಮ ಸೆರಗು ಸರಿಸಿದಳು. ನರ್ಸಿನ ಕಡೆಗೆ ಕೈ ಚಾಚಿದಳು.

"ಸರಿ. ನಿನ್ನ ನಂಬ್ಕೊಂಡು ಹಾಕಿಸ್ಕೋತೀನಿ."

ಕೆಂಪು ಔಷಧಿ ಹನಿ ಹನಿಯಾಗಿ ಇಳಿಯತೊಡಗಿತು. ಶುರುವಿನಲ್ಲಿ ಉಸಿರು ಕಟ್ಟಬಹುದು, ನೋಡ್ಕೊಳ್ಳಿ ಅಂತ ನರ್ಸ್ ಹೇಳಿ ಹೋದಳು. ಅಮ್ಮ ಕಣ್ಣು ಮುಚ್ಚಿದಳು. ನಾನು ಅವಳ ಎದೆ ಏರಿಳಿಯೋದನ್ನೇ ನೋಡ್ತಾ ಕೂತೆ. ಇನ್ನು ಏನಾದರೂ ಹೆಚ್ಚುಕಮ್ಮಿಯಾದರೆ ತಪ್ಪನ್ನ ದೇವರ ಮೇಲೆ ಹಾಕೋ ಹಾಗಿರಲಿಲ್ಲ.